ಖಾಲಿ ಮೆಮೊರಿ, ಬಾಕಿ ಬರಹ: ಫೈಲ್ ಸರ್ವರ್ ಕುರಿತು ಓದುಗರ ಪ್ರಶ್ನೆಗಳು

ಕಚೇರಿ, ಕಾಲೇಜು, ಸ್ಟುಡಿಯೊಗಳ ಫೈಲ್ ಸರ್ವರ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ: ಸರ್ವರಿನ ಆಪರೇಟಿಂಗ್ ಸಿಸ್ಟಂ ಫೈಲುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಗೆ, ಅಂದರೆ ಫೈಲ್ ಕ್ಯಾಶ್. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಕಚೇರಿಯಲ್ಲಿ 32 ಜಿಬಿ ಮೆಮೊರಿಯ ಲಿನಕ್ಸ್ ಸರ್ವರ್ ಇದೆ. ಸುಮಾರು 40 ವಿಂಡೋಸ್ ಕಂಪ್ಯೂಟರ್‌ಗಳು ಸಾಂಬಾ (ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೈಲ್ ಹಂಚುವ ಸಾಫ್ಟ್‌ವೇರ್) ಮೂಲಕ ಅದರ ಫೈಲುಗಳನ್ನು ಬಳಸುತ್ತವೆ. ‘ಫ್ರೀ’ ಆಜ್ಞೆ ಕೊಟ್ಟು ನೋಡಿದರೆ ಖಾಲಿ ಇರುವುದು 600 ಎಂಬಿ ಮಾತ್ರ. ದುರಸ್ತಿಗೆ ಬಂದವರೊಬ್ಬರು ಪ್ರತಿ ಗಂಟೆಗೊಮ್ಮೆ ಕ್ಯಾಶ್ ಖಾಲಿ ಮಾಡುವ ಆಜ್ಞೆಯನ್ನು, ಹೊತ್ತಿಗೆ ಸರಿಯಾಗಿ ಆಜ್ಞೆಗಳನ್ನು ತಾನೇ ಓಡಿಸುವ ಕ್ರಾನ್‌ಗೆ ಹಾಕಿ ಹೋದರು. ಈಗ ಖಾಲಿ ಮೆಮೊರಿ ಹೆಚ್ಚು ಕಾಣುತ್ತದೆ, ಆದರೆ ಗಂಟೆಗೊಮ್ಮೆ ಎಲ್ಲರ ಕೆಲಸವೂ ನಿಂತು ನಿಂತು ಸಾಗುತ್ತದೆ. ಇನ್ನೂ 32 ಜಿಬಿ ಕೊಳ್ಳಬೇಕೇ?
(ಕಾಲೇಜು ಸಿಬ್ಬಂದಿ, ಸೇಡಂ ರಸ್ತೆ, ಕಲಬುರಗಿ)

ಉತ್ತರ: ಕೊಳ್ಳಬೇಡಿ. ಮೊದಲು ಆ ಕ್ರಾನ್ ಸಾಲನ್ನು ಅಳಿಸಿಹಾಕಿ. ನಿಮ್ಮ ತೊಂದರೆಗೆ ಮೆಮೊರಿಯ ಕೊರತೆ ಕಾರಣವಲ್ಲ, ಪರಿಹಾರವೆಂದು ಹಾಕಿದ ಆ ಸಾಲೇ ಕಾರಣ.

ನೀವು ಪತ್ರದ ಜೊತೆ ಕಳಿಸಿದ ಪರದೆಯ ಚಿತ್ರವನ್ನೇ ಎದುರಿಗಿಟ್ಟುಕೊಂಡು ನೋಡೋಣ. ಒಟ್ಟು 31 ಜಿಬಿ ಎಂದು ಮೊದಲ ಅಂಕಣ ಹೇಳುತ್ತದೆ. ‘ಯೂಸ್ಡ್’ ಅಡಿಯಲ್ಲಿ 4.1, ‘ಫ್ರೀ’ ಅಡಿಯಲ್ಲಿ 0.6, ‘ಬಫ್/ಕ್ಯಾಶ್’ ಅಡಿಯಲ್ಲಿ 26.3 ಇದೆ. ಎಲ್ಲರ ಕಣ್ಣೂ 0.6ರ ಮೇಲೆ ನಿಂತುಬಿಡುತ್ತದೆ, ಆದರೆ ಸಾಲಿನ ಕೊನೆಯಲ್ಲಿ ‘ಅವೈಲೆಬಲ್’ ಎಂಬ ಇನ್ನೊಂದು ಅಂಕಣವಿದೆ, ಅಲ್ಲಿ 25.8 ಎಂದಿದೆ. ಓದಬೇಕಾದದ್ದು ಅದನ್ನು. ಹೊಸದಾಗಿ ಒಂದು ಪ್ರೋಗ್ರಾಂ ಬಂದು ಮೆಮೊರಿ ಕೇಳಿದರೆ, ಸ್ವಾಪ್‌ಗೆ, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗಕ್ಕೆ, ಹೋಗದೆ ಎಷ್ಟು ಕೊಡಬಹುದು ಎಂಬ ಅಂದಾಜನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತಾನೇ ಲೆಕ್ಕ ಹಾಕಿ ಅಲ್ಲಿ ತೋರಿಸುತ್ತದೆ. 2014ರಲ್ಲಿ ಬಂದ ಲಿನಕ್ಸ್ 3.14ರಿಂದ ಈ ಲೆಕ್ಕ ಮೆಮೊರಿಯ ವಿವರ ತೋರಿಸುವ ‘ಮೆಮ್‌ಇನ್ಫೊ’ ಫೈಲಿನಲ್ಲಿ ಸಿಗುತ್ತಿದೆ. ಅದಕ್ಕೂ ಮೊದಲು ನಾವೆಲ್ಲ ಖಾಲಿ ಮೆಮೊರಿಗೆ ಕ್ಯಾಶ್ ಕೂಡಿಸಿ ಅಂದಾಜು ಮಾಡುತ್ತಿದ್ದೆವು. ಕ್ಯಾಶ್‌ನಲ್ಲಿ ಕಾಣುವ ಎಲ್ಲವನ್ನೂ ಬಿಟ್ಟುಕೊಡಲು ಆಗುವುದಿಲ್ಲವಾದ್ದರಿಂದ, ಉದಾಹರಣೆಗೆ ಪ್ರೋಗ್ರಾಂಗಳು ಹಂಚಿಕೊಂಡ ಮೆಮೊರಿಯೂ ಅದರೊಳಗೇ ಸೇರಿರುವುದರಿಂದ, ಆ ಅಂದಾಜು ಎಷ್ಟೋ ಸಲ ತಪ್ಪುತ್ತಿತ್ತು.

ಹಾಗಾದರೆ 26 ಜಿಬಿಯಲ್ಲಿ ಏನಿದೆ? ನಿಮ್ಮ ಸಿಬ್ಬಂದಿ ಇಂದು, ನಿನ್ನೆ ತೆರೆದ ಫೈಲುಗಳೇ ಇವೆ. ಡಿಸ್ಕಿನಿಂದ ಒಮ್ಮೆ ಓದಿದ ಫೈಲನ್ನು ಲಿನಕ್ಸ್ 4 ಕೆಬಿಯ ಪುಟಗಳಾಗಿ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಮತ್ತೆ ಯಾರಾದರೂ ಅದೇ ಫೈಲು ಕೇಳಿದರೆ ಡಿಸ್ಕಿನ ಗೊಡವೆಗೆ ಹೋಗದೆ ಅಲ್ಲಿಂದಲೇ ಕೊಡುತ್ತದೆ. ಬೇರೆ ಕೆಲಸಕ್ಕೆ ಜಾಗ ಬೇಕಾದರೆ, ಬದಲಾಗದೆ ಉಳಿದ ಪುಟಗಳನ್ನು ತಕ್ಷಣ ಬಿಟ್ಟುಕೊಡುತ್ತದೆ, ಏಕೆಂದರೆ ಅವುಗಳ ಅಸಲು ಪ್ರತಿ ಡಿಸ್ಕಿನಲ್ಲಿ ಇದ್ದೇ ಇರುತ್ತದೆ. ಹಣ ಕೊಟ್ಟು ಕೊಂಡ ಮೆಮೊರಿ ಸುಮ್ಮನೆ ಖಾಲಿ ಬಿದ್ದಿರುವುದಕ್ಕಿಂತ ಇದು ಎಷ್ಟೋ ಮೇಲು.

ಇದರ ಬೆಲೆ ಎಷ್ಟೆಂದು ನಿಮ್ಮ ಕಾಲೇಜಿನ ಪ್ರವೇಶಾತಿ ಫೋಲ್ಡರಿನ ಮೇಲೆಯೇ ಲೆಕ್ಕ ಹಾಕಬಹುದು. ಅದರಲ್ಲಿ 3,000 ವಿದ್ಯಾರ್ಥಿಗಳ ಭಾವಚಿತ್ರಗಳಿವೆ, ಒಂದೊಂದೂ 60 ಕೆಬಿ ಎಂದು ಬರೆದಿದ್ದೀರಿ. ಒಟ್ಟು 180 ಎಂಬಿ, ಅಂದರೆ ನಿಮ್ಮ ಮೆಮೊರಿಯ ಒಂದು ಮೂಲೆಯಷ್ಟೇ. ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಚಿಕ್ಕ ಫೈಲನ್ನು ಹುಡುಕಿ ಓದಲು ಸುಮಾರು 10 ಮಿಲಿಸೆಕೆಂಡ್ ಬೇಕು, 3,000 ಫೈಲುಗಳಿಗೆ ಅರ್ಧ ನಿಮಿಷ. ಅವೇ ಫೈಲುಗಳು ಕ್ಯಾಶ್‌ನಲ್ಲಿದ್ದರೆ ಡಿಸ್ಕಿನ ಕಾಯುವಿಕೆ ಪೂರ್ತಿ ಇಲ್ಲವಾಗುತ್ತದೆ. ಗಂಟೆಗೊಮ್ಮೆ ನೀವು ಈ ಎಲ್ಲವನ್ನೂ ಎಸೆದು, 40 ಜನರೂ ಏಕಕಾಲಕ್ಕೆ ಡಿಸ್ಕಿನ ಮುಂದೆ ಸರದಿ ನಿಲ್ಲುವಂತೆ ಮಾಡುತ್ತಿದ್ದೀರಿ. ಅದರಲ್ಲೂ ಆ ಕ್ರಾನ್ ಸಾಲಿನ ಆಜ್ಞೆಯಲ್ಲಿ 3 ಎಂಬ ಅಂಕಿ ಇರುವುದರಿಂದ ಫೈಲಿನ ಒಳಗಿನ ಮಾಹಿತಿಯಷ್ಟೇ ಅಲ್ಲ, ಯಾವ ಹೆಸರಿನ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿವರವೂ ಹೋಗುತ್ತದೆ. ಆಗ ಫೋಲ್ಡರ್ ತೆರೆದು ಪಟ್ಟಿ ನೋಡುವುದೂ ತಡವಾಗುತ್ತದೆ.

‘ಡ್ರಾಪ್ ಕ್ಯಾಶಸ್’ ಎಂಬ ಈ ಸೌಲಭ್ಯ ಇರುವುದು ಪರೀಕ್ಷೆಗೆ ಮತ್ತು ದೋಷ ಹುಡುಕುವುದಕ್ಕೆ, ಬೇರೆಡೆ ಬಳಸುವುದು ಸೂಕ್ತವಲ್ಲ ಎಂದು ಕರ್ನಲ್‌ನ ದಾಖಲೆಯೇ ಹೇಳುತ್ತದೆ. ಅದರಿಂದ ಮಾಹಿತಿ ನಾಶವಾಗುವುದಿಲ್ಲ, ಡಿಸ್ಕಿಗೆ ಇನ್ನೂ ಇಳಿಯದ ಪುಟಗಳನ್ನು ಅದು ಮುಟ್ಟುವುದಿಲ್ಲ ಎಂಬುದು ನಿಜ. ಆದರೆ ವೇಗ ಹೋಗುತ್ತದೆ. ನಿಮ್ಮ ಸರ್ವರಿನಲ್ಲಿ ಇದನ್ನು ಬೇರೆ ಯಾವುದಾದರೂ ಸ್ಕ್ರಿಪ್ಟ್ ಕೂಡ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ‘ಡಿಮೆಸೆಜ್’ ಆಜ್ಞೆ ಕೊಟ್ಟು ನೋಡಿ. ಕ್ಯಾಶ್ ಖಾಲಿ ಮಾಡಿದಾಗ, ಮಾಡಿದ ಪ್ರೋಗ್ರಾಂನ ಹೆಸರಿನ ಸಮೇತ, ಕರ್ನಲ್ ಅಲ್ಲಿ ಒಂದು ಸಾಲು ಬರೆದಿಡುತ್ತದೆ.

ಮೆಮೊರಿ ನಿಜವಾಗಿಯೂ ಸಾಲದಾದಾಗ ಲಕ್ಷಣಗಳು ಬೇರೆ. ‘ಅವೈಲೆಬಲ್’ ಅಂಕಿ ಒಟ್ಟು ಮೆಮೊರಿಯ ಸಣ್ಣ ಪಾಲಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ‘ವಿಎಂಸ್ಟ್ಯಾಟ್’ ಆಜ್ಞೆಯಲ್ಲಿ ಸ್ವಾಪ್‌ಗೆ ಹೋಗುವ ಮತ್ತು ಬರುವ ಅಂಕಿಗಳು ಎಡೆಬಿಡದೆ ಓಡುತ್ತವೆ. 4.20 ಅಥವಾ ಅದರ ನಂತರದ ಕರ್ನಲ್ ಇದ್ದು ಅದರ ‘ಪ್ರೆಶರ್’ ಸೌಲಭ್ಯ ಚಾಲೂ ಇದ್ದರೆ, ‘ಪ್ರೆಶರ್’ ಫೋಲ್ಡರಿನ ‘ಮೆಮೊರಿ’ ಫೈಲು ಪ್ರೋಗ್ರಾಂಗಳು ಮೆಮೊರಿಗಾಗಿ ಕಾದ ಸಮಯವನ್ನು ಶೇಕಡಾವಾರು ಹೇಳುತ್ತದೆ. ನಿಮ್ಮಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಪ್ರಶ್ನೆ: ನಾವು ಝಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ವ್ಯವಸ್ಥೆ) ಇರುವ ಹೊಸ ಸರ್ವರ್ ಹಾಕಿದ್ದೇವೆ. ಇಲ್ಲಿ ‘ಬಫ್/ಕ್ಯಾಶ್’ ಚಿಕ್ಕದು, ‘ಯೂಸ್ಡ್’ ಅಂಕಿಯೇ ದೊಡ್ಡದು. ಇದೂ ಕ್ಯಾಶ್ ಎನ್ನಬಹುದೇ?
(ಓದುಗರು, ಬಸವಕಲ್ಯಾಣ)

ಉತ್ತರ: ಹೌದು. ಝಡ್‌ಎಫ್‌ಎಸ್ ತನ್ನದೇ ಪ್ರತ್ಯೇಕ ಕ್ಯಾಶ್ ಇಟ್ಟುಕೊಳ್ಳುತ್ತದೆ, ಅದಕ್ಕೆ ಎಆರ್‌ಸಿ ಎಂದು ಹೆಸರು. ಲಿನಕ್ಸಿನ ‘ಫ್ರೀ’ ಆಜ್ಞೆ ಅದನ್ನು ಕ್ಯಾಶ್ ಎಂದು ಗುರುತಿಸದೆ ಬಳಕೆಯಾದ ಮೆಮೊರಿಯಲ್ಲಿ ಸೇರಿಸುತ್ತದೆ. ಒಮ್ಮೆ ಮಾತ್ರ ಬಳಕೆಯಾದುದನ್ನೂ ಮತ್ತೆ ಮತ್ತೆ ಬಳಕೆಯಾಗುವುದನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ತೂಗಿ ನೋಡುವ ಈ ವಿಧಾನದ ಮೂಲ ರೂಪವನ್ನು ಐಬಿಎಂನ ಸಂಶೋಧಕರಾದ ನಿಮ್ರೋದ್ ಮೆಗಿಡ್ಡೊ ಮತ್ತು ಧರ್ಮೇಂದ್ರ ಮೋಧಾ 2003ರಲ್ಲಿ ಪ್ರಕಟಿಸಿದರು. ಅದೇ ಯಂತ್ರದಲ್ಲಿ ಡೇಟಾಬೇಸ್ ಅಥವಾ ವರ್ಚುವಲ್ ಯಂತ್ರಗಳನ್ನೂ ಓಡಿಸುತ್ತಿದ್ದರೆ ಎಆರ್‌ಸಿಗೆ ‘ಝಡ್‌ಎಫ್‌ಎಸ್ ಎಆರ್‌ಸಿ ಮ್ಯಾಕ್ಸ್’ ಮೂಲಕ ಮೇಲ್ಮಿತಿ ಹಾಕಿ, ಬರೀ ಫೈಲ್ ಹಂಚುವ ಯಂತ್ರವಾದರೆ ಹಾಗೆಯೇ ಬಿಡಿ.

ಪ್ರಶ್ನೆ: ಬೀದರಿನಲ್ಲಿ ನಮ್ಮದು ವಿಡಿಯೊ ಸ್ಟುಡಿಯೊ. ಮದುವೆ ಚಿತ್ರೀಕರಣಗಳ ಜೊತೆ ಬಿದರಿ ಕಲೆಯ ಬಗ್ಗೆ ಸಾಕ್ಷ್ಯಚಿತ್ರಗಳನ್ನೂ ಮಾಡುತ್ತೇವೆ. ಸರ್ವರಿಗೆ 64 ಜಿಬಿ ಮೆಮೊರಿ ಇದೆ. ದೊಡ್ಡ ಫೈಲ್ ಕಾಪಿ ಮಾಡಲು ಹಾಕಿದರೆ ಮೊದಲು ಸೆಕೆಂಡಿಗೆ 110 ಎಂಬಿಯಂತೆ ಚೆನ್ನಾಗಿ ಹೋಗುತ್ತದೆ. ಎರಡು ಮೂರು ನಿಮಿಷವಾದ ಮೇಲೆ ವೇಗ ಕುಸಿಯುತ್ತದೆ, ಪಕ್ಕದ ಕೋಣೆಯಲ್ಲಿ ಎಡಿಟ್ ಮಾಡುವವರು ಪ್ರಾಜೆಕ್ಟ್ ಸೇವ್ ಮಾಡಿದರೂ ಪರದೆ ಅಲುಗಾಡುವುದಿಲ್ಲ. ಮೆಮೊರಿ 16 ಜಿಬಿ ಇದ್ದಾಗ ಇಷ್ಟು ತೊಂದರೆ ಇರಲಿಲ್ಲ. ಮೆಮೊರಿ ಹೆಚ್ಚಿಸಿದ ಮೇಲೆ ಹೀಗಾಗುವುದು ಹೇಗೆ?
(ಸ್ಟುಡಿಯೊ ಮಾಲೀಕರು, ಬೀದರ್)

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಅಡಗಿದೆ. ಮೆಮೊರಿ ಹೆಚ್ಚಿದಂತೆ ಸರ್ವರ್ ತನ್ನ ಮೇಲೆ ಹೊತ್ತುಕೊಳ್ಳಬಹುದಾದ ಬಾಕಿಯೂ ಹೆಚ್ಚಿತು, ಆದರೆ ಅದನ್ನು ತೀರಿಸುವ ಡಿಸ್ಕು ಮಾತ್ರ ಹಳೆಯದೇ ಉಳಿಯಿತು.

ಮೇಲಿನ ಉತ್ತರದಲ್ಲಿ ಹೇಳಿದ್ದು ಓದುವ ಕ್ಯಾಶ್. ಬರೆಯುವಾಗ ಆಗುವುದು ಬೇರೆ. ಕಲಬುರಗಿಯ ಗಂಜ್‌ನಲ್ಲಿ ತೊಗರಿಯ ಸುಗ್ಗಿ ಬಂದಾಗ ಅಡತಿ ಅಂಗಡಿಯ ಗುಮಾಸ್ತರು ಪ್ರತಿ ಚೀಲದ ತೂಕವನ್ನು ಮೊದಲು ಕಚ್ಚಾ ಚೀಟಿಯಲ್ಲಿ ಗೀಚಿಕೊಂಡು, ಬಿಡುವಾದಾಗ ಕಿರ್ದಿಗೆ ಏರಿಸುತ್ತಾರೆ. ಲಿನಕ್ಸ್ ಸರ್ವರ್ ಕೂಡ ಹಾಗೆಯೇ, ಬಂದ ಮಾಹಿತಿಯನ್ನು ಮೆಮೊರಿಗೆ ಹಾಕಿಕೊಂಡು, ಕಳಿಸಿದವರಿಗೆ ‘ಆಯಿತು’ ಎಂದು ಹೇಳಿ, ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಹೀಗೆ ಮೆಮೊರಿಯಲ್ಲಿದ್ದು ಡಿಸ್ಕಿಗೆ ಇಳಿಯದ ಪುಟಗಳಿಗೆ ಡರ್ಟಿ ಪುಟಗಳು ಎಂಬ ಹೆಸರಿದೆ. ನಾನು ಇವನ್ನು ಬಾಕಿ ಬರಹ ಎಂದು ಕರೆಯುತ್ತೇನೆ, ಅರ್ಥ ಅದರಲ್ಲಿ ನೇರವಾಗಿ ಕಾಣುತ್ತದೆ.

ಬಾಕಿ ಎಷ್ಟು ಬೆಳೆಯಬಹುದು ಎಂಬುದನ್ನು ನಾಲ್ಕು ಅಂಕಿಗಳು ನಿರ್ಧರಿಸುತ್ತವೆ. ಕರ್ನಲ್‌ನ ಮೂಲ ವ್ಯವಸ್ಥೆಯಲ್ಲಿ, ಬಳಕೆಗೆ ಸಿಗುವ ಮೆಮೊರಿಯ ಶೇ. 10ರಷ್ಟು ಬಾಕಿಯಾದಾಗ ಹಿನ್ನೆಲೆಯಲ್ಲಿ ಡಿಸ್ಕಿಗೆ ಬರೆಯುವುದು ಶುರುವಾಗುತ್ತದೆ, ಶೇ. 20 ಅದರ ಗರಿಷ್ಠ ಮಿತಿ. ಅಷ್ಟು ಬಾಕಿಯಾಗದಿದ್ದರೂ 30 ಸೆಕೆಂಡಿಗಿಂತ ಹಳೆಯದಾದ ಬಾಕಿಯನ್ನು ಬರೆಯಬೇಕು, ಅಂಥದ್ದು ಇದೆಯೇ ಎಂದು ಪ್ರತಿ 5 ಸೆಕೆಂಡಿಗೊಮ್ಮೆ ಎದ್ದು ನೋಡಬೇಕು. ನಿಮ್ಮಲ್ಲಿ ಸಿಗುವ ಮೆಮೊರಿ 60 ಜಿಬಿ ಎಂದಿಟ್ಟುಕೊಂಡರೆ ಮಿತಿಗಳು ಕ್ರಮವಾಗಿ 6 ಮತ್ತು 12 ಜಿಬಿ. ಬಾಕಿ ಈ ಎರಡರ ನಡುವಿನ ಹಂತವನ್ನು, ಅಂದರೆ 9 ಜಿಬಿಯನ್ನು ದಾಟಿದಾಗಿನಿಂದಲೇ ಕರ್ನಲ್ ಬರೆಯುವ ಪ್ರೋಗ್ರಾಂಗಳನ್ನು ತಡೆತಡೆದು ಬಿಡಲಾರಂಭಿಸುತ್ತದೆ.

ಈಗ ನಿಮ್ಮ ಕಾಪಿಯನ್ನು ಗಡಿಯಾರ ಹಿಡಿದು ನೋಡಿ. ಮೊದಲ 30 ಸೆಕೆಂಡಿನಲ್ಲಿ ಗಿಗಾಬಿಟ್ ತಂತಿಯಿಂದ 3.3 ಜಿಬಿ ಬಂದು ಮೆಮೊರಿಯಲ್ಲಿ ಕೂತಿತು, ಡಿಸ್ಕಿಗೆ ಇನ್ನೂ ಕೆಲಸವೇ ಶುರುವಾಗಿಲ್ಲ. ಆಮೇಲೆ ಡಿಸ್ಕು ಬರೆಯತೊಡಗಿತು, ಆದರೆ ಎಡಿಟ್ ಮಾಡುವವರ ಓದುವಿಕೆಯ ನಡುವೆ ಅದಕ್ಕೆ ಸೆಕೆಂಡಿಗೆ 60 ಎಂಬಿಗಿಂತ ಹೆಚ್ಚು ಸಾಧ್ಯವಾಗುತ್ತಿಲ್ಲ ಎಂದು ನೀವೇ ಅಳೆದು ಬರೆದಿದ್ದೀರಿ. 110 ಬರುತ್ತದೆ, 60 ಇಳಿಯುತ್ತದೆ, ಪ್ರತಿ ಸೆಕೆಂಡಿಗೆ 50 ಎಂಬಿ ಬಾಕಿ ಬೆಳೆಯುತ್ತದೆ. 3.3ರಿಂದ 9 ಜಿಬಿ ತಲುಪಲು ಇನ್ನೂ 114 ಸೆಕೆಂಡು. ಎರಡೂ ಸೇರಿ ಸುಮಾರು ಎರಡೂವರೆ ನಿಮಿಷ, ನಿಮ್ಮ ಪತ್ರದಲ್ಲಿರುವ ಸಮಯವೇ ಅದು. ಅಷ್ಟರಲ್ಲಿ ಎಡಿಟರ್ ಒಬ್ಬರು ಪ್ರಾಜೆಕ್ಟ್ ಸೇವ್ ಮಾಡಿದರೆ, ಅವರ ಸಾಫ್ಟ್‌ವೇರ್ ‘ಇದು ಡಿಸ್ಕಿಗೆ ಇಳಿಯಲೇಬೇಕು’ ಎಂದು ಕೇಳುತ್ತದೆ, ಆ ಎರಡು ಎಂಬಿಯ ಫೈಲು 9 ಜಿಬಿ ಬಾಕಿಯಿಂದ ತುಂಬಿಹೋದ ಡಿಸ್ಕಿನ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಪರದೆ ಅಲುಗಾಡದಿರುವುದು ಇದಕ್ಕೆ.

ಮದ್ದು ಸರಳವಾಗಿದೆ. ಶೇಕಡಾ ಲೆಕ್ಕವನ್ನು ಬಿಟ್ಟು ಬೈಟ್ ಲೆಕ್ಕದಲ್ಲಿ ಮಿತಿ ಹಾಕಿ: ‘ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್’ 26,84,35,456, ಅಂದರೆ 256 ಎಂಬಿ, ‘ಡರ್ಟಿ ಬೈಟ್ಸ್’ 1,07,37,41,824, ಅಂದರೆ 1 ಜಿಬಿ. ಸರ್ವರಿನಲ್ಲಿ ಬರೆಯುವಾಗ ಅಂಕಿಗಳ ನಡುವಿನ ಅಲ್ಪವಿರಾಮ ಬಿಡಬೇಕು. ಬೈಟ್ ಲೆಕ್ಕ ಹಾಕಿದೊಡನೆ ಶೇಕಡಾ ಲೆಕ್ಕದ ಸಾಲುಗಳು ಸೊನ್ನೆ ತೋರಿಸುತ್ತವೆ, ಗಾಬರಿ ಬೇಡ, ಎರಡರಲ್ಲಿ ಒಂದೇ ಜಾರಿಯಲ್ಲಿರುತ್ತದೆ. ಕರ್ನಲ್‌ನ ಇಂಥ ಅಂಕಿಗಳನ್ನು ಬದಲಿಸುವ ‘ಸಿಸ್‌ಸಿಟಿಎಲ್’ ಆಜ್ಞೆಯಿಂದ ಒಂದೆರಡು ದಿನ ಪರೀಕ್ಷಿಸಿ, ಸರಿಯೆನಿಸಿದ ಮೇಲೆ ಅದರ ಕಾನ್ಫಿಗರೇಶನ್ ಫೋಲ್ಡರಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಮರುಚಾಲನೆಯಾದಾಗ ಹಳೆಯ ಮಿತಿಗಳೇ ಮರಳುತ್ತವೆ. ಬಾಕಿ 1 ಜಿಬಿ ಮೀರದಿದ್ದರೆ ನಿಮ್ಮ ಡಿಸ್ಕು ಅದನ್ನು 17 ಸೆಕೆಂಡಿನಲ್ಲಿ ತೀರಿಸುತ್ತದೆ. ಕಾಪಿಯ ಆರಂಭದ ಆ 110ರ ವೇಗ ಬೇಗನೆ 60ಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ನೀವು ಒಪ್ಪಿಕೊಳ್ಳಬೇಕು. ನಿಮ್ಮ ಡಿಸ್ಕಿನ ನಿಜವಾದ ವೇಗ ಮೊದಲಿನಿಂದಲೂ ಅದೇ ಆಗಿತ್ತು. ಓದುವ ಕ್ಯಾಶ್‌ಗೆ ಈ ಮಿತಿಗಳಿಂದ ಯಾವ ಕೊರತೆಯೂ ಆಗುವುದಿಲ್ಲ, ನಿಮ್ಮ 64 ಜಿಬಿ ವ್ಯರ್ಥವಲ್ಲ.

ಪ್ರಶ್ನೆ: ರಾತ್ರಿ ಬ್ಯಾಕಪ್ ಓಡಿದ ಮರುದಿನ ಬೆಳಿಗ್ಗೆ ಮೊದಲ ಒಂದು ಗಂಟೆ ಸರ್ವರ್ ನಿಧಾನ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಏಕೆ?
(ಓದುಗರು, ಜೇವರ್ಗಿ)

ಉತ್ತರ: ಬ್ಯಾಕಪ್ ಸಾಫ್ಟ್‌ವೇರ್ ಇಡೀ ಡಿಸ್ಕನ್ನು ಒಮ್ಮೆ ಓದುತ್ತದೆ, ಓದಿದ್ದೆಲ್ಲ ಮೆಮೊರಿಗೆ ಬರುತ್ತದೆ. ಲಿನಕ್ಸ್ ಇದಕ್ಕೆ ಒಂದು ಅಡ್ಡಗೋಡೆ ಇಟ್ಟಿದೆ: ಒಮ್ಮೆ ಮಾತ್ರ ಓದಿದ ಪುಟ ಒಂದು ಪಟ್ಟಿಯಲ್ಲಿ, ಮತ್ತೆ ಬಳಕೆಯಾದದ್ದು ಇನ್ನೊಂದು ಪಟ್ಟಿಯಲ್ಲಿ ಇರುತ್ತದೆ, ಜಾಗ ಬೇಕಾದಾಗ ಮೊದಲಿನ ಪಟ್ಟಿಯಿಂದಲೇ ತೆಗೆಯುತ್ತದೆ. ಆದರೂ ಲಕ್ಷಗಟ್ಟಲೆ ಚಿಕ್ಕ ಫೈಲುಗಳಿರುವ ಕಡೆ, ರಾತ್ರಿಯಿಡೀ ಬೇರಾರೂ ಕೆಲಸ ಮಾಡದಿರುವಾಗ, ಹಗಲಿನಲ್ಲಿ ಬೇಕಾದ ಫೈಲುಗಳೂ ಅವುಗಳ ವಿಳಾಸದ ವಿವರಗಳೂ ನಿಧಾನವಾಗಿ ಹೊರಬೀಳುತ್ತವೆ. ‘ವಿಎಫ್‌ಎಸ್ ಕ್ಯಾಶ್ ಪ್ರೆಶರ್’ ಅಂಕಿಯನ್ನು ಮೂಲದ 100ರಿಂದ 50ಕ್ಕೆ ಇಳಿಸಿದರೆ ಕರ್ನಲ್ ಆ ವಿವರಗಳನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಸೊನ್ನೆ ಮಾತ್ರ ಮಾಡಬೇಡಿ, ಆಗ ಅವನ್ನು ಬಿಡುವುದೇ ಇಲ್ಲವಾಗಿ ಮೆಮೊರಿ ಕಟ್ಟಿಕೊಳ್ಳಬಹುದು. ಜೊತೆಗೆ, ‘ವಿಎಂಟಚ್’ ಎಂಬ ಸಣ್ಣ ಸಾಧನ ಯಾವ ಫೈಲಿನ ಎಷ್ಟು ಭಾಗ ಕ್ಯಾಶ್‌ನಲ್ಲಿದೆ ಎಂದು ತೋರಿಸುತ್ತದೆ, ಬೇಕಾದ ಫೋಲ್ಡರನ್ನು ಮುಂಚಿತವಾಗಿ ಕ್ಯಾಶ್‌ಗೆ ತರಲೂ ಬರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಕಚೇರಿ ತೆರೆಯುವ ಮುನ್ನ ನಿಮ್ಮ ಮುಖ್ಯ ಫೋಲ್ಡರಿನ ಮೇಲೆ ಅದನ್ನು ಒಮ್ಮೆ ಓಡಿಸಿ.

ಪ್ರಶ್ನೆ: ನಮ್ಮ ಲೆಕ್ಕಪತ್ರ ಕಚೇರಿಯಲ್ಲಿ ಎಲ್ಲವೂ ಲಿನಕ್ಸ್ ಕಂಪ್ಯೂಟರ್‌ಗಳು, ಸರ್ವರಿನಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಒಂದು ಪದ್ಧತಿ) ಮೂಲಕ ಫೈಲ್ ಹಂಚಿಕೊಳ್ಳುತ್ತೇವೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಸರ್ವರ್ ನಿಂತ ಎರಡು ಸಲವೂ, ಸೇವ್ ಆಗಿದೆ ಎಂದು ಪರದೆ ತೋರಿಸಿದ್ದ ಫೈಲುಗಳು ಮರಳಿ ನೋಡಿದಾಗ ಇರಲಿಲ್ಲ ಅಥವಾ ಅರ್ಧ ಮಾತ್ರ ಇದ್ದವು. ಡಿಸ್ಕು ಪರೀಕ್ಷಿಸಿದರೆ ಸರಿಯಾಗಿದೆ. ತಪ್ಪು ಎಲ್ಲಿದೆ?
(ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಯಾವ ಫೋಲ್ಡರನ್ನು ಹೇಗೆ ಹಂಚಬೇಕು ಎಂದು ಸರ್ವರಿಗೆ ಹೇಳುವ ನಿಮ್ಮ ‘ಎಕ್ಸ್‌ಪೋರ್ಟ್ಸ್’ ಫೈಲಿನ ಪ್ರತಿಯಲ್ಲಿ ‘ಎಸಿಂಕ್’ ಎಂಬ ಪದವಿದೆ. ತಪ್ಪು ಅಲ್ಲಿದೆ. ಯಾರೋ ವೇಗ ಹೆಚ್ಚಲಿ ಎಂದು ಹಾಕಿರಬೇಕು. ನಾನೂ ಹಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಸಂಸ್ಥೆಯಲ್ಲಿ ಇದೇ ಪದವನ್ನು ಇದೇ ಕಾರಣಕ್ಕೆ ಹಾಕಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಆಗಷ್ಟೇ ಇಬ್ಬರು ಹುಡುಗಿಯರು ಟೈಪ್ ಮಾಡಿ ಮುಗಿಸಿದ್ದ ಅರ್ಜಿಗಳ ಕೊನೆಯ ಕಂತು ಹಾಳಾಯಿತು. ಅವರು ಮರುದಿನ ಬಂದು ಅದನ್ನು ಮತ್ತೊಮ್ಮೆ ಟೈಪ್ ಮಾಡಿದ್ದನ್ನು ನಾನು ಮರೆತಿಲ್ಲ. ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ.

1995ರಲ್ಲಿ ಪ್ರಕಟವಾದ ಎನ್‌ಎಫ್‌ಎಸ್ ಮೂರನೇ ಆವೃತ್ತಿ ವೇಗ ಮತ್ತು ಭದ್ರತೆ ಎರಡನ್ನೂ ಹೊಂದಿಸಲು ಒಂದು ಒಳ್ಳೆಯ ಏರ್ಪಾಡು ಮಾಡಿತು. ಕ್ಲೈಂಟ್, ಅಂದರೆ ಸರ್ವರಿನ ಫೈಲುಗಳನ್ನು ಬಳಸುವ ಕಂಪ್ಯೂಟರ್, ಮಾಹಿತಿಯನ್ನು ಕಳಿಸುತ್ತ ಹೋಗಬಹುದು, ಸರ್ವರ್ ಅದನ್ನು ಮೆಮೊರಿಯಲ್ಲಿಟ್ಟುಕೊಂಡು ಉತ್ತರಿಸಬಹುದು. ಕೊನೆಗೆ ಕ್ಲೈಂಟ್ ‘ಕಮಿಟ್’ ಎಂಬ ಕೋರಿಕೆ ಕಳಿಸುತ್ತದೆ, ಆಗ ಎಲ್ಲವೂ ಡಿಸ್ಕಿಗೆ ಇಳಿದ ಮೇಲೆಯೇ ಸರ್ವರ್ ‘ಆಯಿತು’ ಎನ್ನಬೇಕು. ಅಲ್ಲಿಯವರೆಗೆ ಕ್ಲೈಂಟ್ ತನ್ನ ಪ್ರತಿಯನ್ನು ಕೈಬಿಡುವುದಿಲ್ಲ. ಜೊತೆಗೆ ಸರ್ವರ್ ಪ್ರತಿ ಉತ್ತರದ ಜೊತೆ ಒಂದು ಗುರುತು ಸಂಖ್ಯೆ ಕಳಿಸುತ್ತದೆ, ಸರ್ವರ್ ಮರುಚಾಲನೆಯಾದರೆ ಆ ಸಂಖ್ಯೆ ಬದಲಾಗುತ್ತದೆ. ಸಂಖ್ಯೆ ಬದಲಾದದ್ದನ್ನು ಕಂಡ ಕ್ಲೈಂಟ್, ನಡುವೆ ಏನೋ ಆಗಿದೆ ಎಂದರಿತು, ಕಮಿಟ್ ಆಗದ ಮಾಹಿತಿಯನ್ನೆಲ್ಲ ಮತ್ತೆ ಕಳಿಸುತ್ತದೆ. ಹೀಗಾಗಿ ಕ್ಲೈಂಟ್ ಕಂಪ್ಯೂಟರ್ ಜೀವಂತವಿದ್ದರೆ, ಸರ್ವರ್ ಒಂದೇ ಬಿದ್ದು ಎದ್ದರೆ, ಏನೂ ಕಳೆಯುವುದಿಲ್ಲ.

‘ಎಸಿಂಕ್’ ಹಾಕಿದಾಗ ಈ ಏರ್ಪಾಡು ಕುಸಿಯುತ್ತದೆ. ಕಮಿಟ್ ಕೋರಿಕೆ ಬಂದಾಗಲೂ ಸರ್ವರ್ ಡಿಸ್ಕಿಗೆ ಕಾಯದೆ ‘ಆಯಿತು’ ಎನ್ನುತ್ತದೆ. ಅದನ್ನು ನಂಬಿದ ಕ್ಲೈಂಟ್ ತನ್ನ ಪ್ರತಿಯನ್ನು ಕೈಬಿಡುತ್ತದೆ, ಮಾಹಿತಿ ಸರ್ವರಿನ ಮೆಮೊರಿಯಲ್ಲಿ ಮಾತ್ರ ಉಳಿಯುತ್ತದೆ, ಅದೇ ಗಳಿಗೆಯಲ್ಲಿ ಕರೆಂಟ್ ಹೋದರೆ ಅದರ ಪ್ರತಿ ಲೋಕದಲ್ಲಿ ಎಲ್ಲೂ ಇರುವುದಿಲ್ಲ. ಲಿನಕ್ಸಿನ ಎನ್‌ಎಫ್‌ಎಸ್ ಸಾಧನಗಳು 1.0.0ರ ನಂತರದ ಆವೃತ್ತಿಗಳಲ್ಲಿ ‘ಸಿಂಕ್’ ಅನ್ನೇ ಮೂಲ ವ್ಯವಸ್ಥೆಯಾಗಿ ಮಾಡಿರುವುದು ಇದೇ ಕಾರಣಕ್ಕೆ. ಪದವನ್ನು ‘ಸಿಂಕ್’ ಎಂದು ಬದಲಿಸಿ, ‘ಎಕ್ಸ್‌ಪೋರ್ಟ್‌ಎಫ್‌ಎಸ್’ ಆಜ್ಞೆಯನ್ನು ಮರುಓದುವ ಆಯ್ಕೆಯೊಂದಿಗೆ ಓಡಿಸಿ. ಚಿಕ್ಕ ಫೈಲುಗಳನ್ನು ಬರೆಯುವುದು ಸ್ವಲ್ಪ ನಿಧಾನವಾಗುತ್ತದೆ. ಆ ನಿಧಾನ ಸಹಿಸಲಾಗದಿದ್ದರೆ ಕರೆಂಟ್ ಹೋದರೂ ಮಾಹಿತಿ ಉಳಿಸಿಕೊಳ್ಳುವ ಎಸ್‌ಎಸ್‌ಡಿ ಅಥವಾ ಬ್ಯಾಟರಿ ಇರುವ ಡಿಸ್ಕ್ ಕಂಟ್ರೋಲರ್ ಹಾಕಿಸಿ, ‘ಎಸಿಂಕ್’ಗೆ ಮರಳಬೇಡಿ.

ಇನ್ನು ಯುಪಿಎಸ್. ನಿಮ್ಮಲ್ಲಿ ಅದು ಇದೆ, ಆದರೆ ಬ್ಯಾಟರಿ ಮುಗಿದಾಗ ಸರ್ವರ್ ದೊಪ್ಪನೆ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ತಂತಿ ಹಾಕಿ, ‘ನಟ್’ ಎಂಬ ಉಚಿತ ಸಾಫ್ಟ್‌ವೇರ್ ಅಳವಡಿಸಿದರೆ, ಬ್ಯಾಟರಿ ಇಂತಿಷ್ಟಕ್ಕೆ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ಮುಚ್ಚಿಕೊಳ್ಳುತ್ತದೆ. ಆ ಮಟ್ಟವನ್ನು ಊಹೆಯಿಂದ ಇಡಬೇಡಿ. ‘ಮೆಮ್‌ಇನ್ಫೊ’ದಲ್ಲಿ ‘ಡರ್ಟಿ’ ಎಂಬ ಸಾಲನ್ನು ಕೆಲಸದ ಭರಾಟೆಯ ಹೊತ್ತಿನಲ್ಲಿ ಒಂದು ವಾರ ನೋಡಿ, ಅತಿ ಹೆಚ್ಚಿನ ಅಂಕಿಯನ್ನು ನಿಮ್ಮ ಡಿಸ್ಕಿನ ಬರೆಯುವ ವೇಗದಿಂದ ಭಾಗಿಸಿ. ಬೀದರಿನ ಸ್ಟುಡಿಯೊದ ಹಳೆಯ ಮಿತಿಯಲ್ಲಿ 12 ಜಿಬಿ ಬಾಕಿ ತೀರಲು 200 ಸೆಕೆಂಡು ಬೇಕಿತ್ತು, ಹೊಸ ಮಿತಿಯಲ್ಲಿ 17 ಸಾಕು. ನಿಮಗೆ ಬಂದ ಸೆಕೆಂಡುಗಳಿಗೆ ಪ್ರೋಗ್ರಾಂಗಳು ಮುಚ್ಚಿಕೊಳ್ಳಲು ಬೇಕಾದ ಒಂದೆರಡು ನಿಮಿಷ ಕೂಡಿಸಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹಳೆಯ ಬ್ಯಾಟರಿ ಹೇಳಿದಷ್ಟು ಹೊತ್ತು ಬಾಳುವುದಿಲ್ಲವಾದ್ದರಿಂದ ಬಂದ ಮೊತ್ತವನ್ನು ಇಮ್ಮಡಿ ಮಾಡಿ, ಅಷ್ಟು ಹೊತ್ತಿನ ಬ್ಯಾಟರಿ ಉಳಿದಿರುವಾಗಲೇ ಮುಚ್ಚುವಂತೆ ಹೊಂದಿಸಿ. ಒಂದು ಭಾನುವಾರ, ಬ್ಯಾಕಪ್ ತೆಗೆದುಕೊಂಡ ಮೇಲೆ, ಯುಪಿಎಸ್‌ನ ಗೋಡೆಯ ಪ್ಲಗ್ ಕಿತ್ತು, ಸರ್ವರ್ ಪೂರ್ತಿ ಮುಚ್ಚಿಕೊಳ್ಳುವವರೆಗೆ ಪಕ್ಕದಲ್ಲೇ ನಿಂತು ನೋಡಿ.